ಮನೆ ವಾಲಿತು, ದುಡ್ಡು ಯಾರು ಕೊಡ್ತಾರೆ?

2021ರ ಅಕ್ಟೋಬರ್ 12, ಮಂಗಳವಾರ ರಾತ್ರಿ. ಆಯುಧಪೂಜೆಗೆ ಇನ್ನೆರಡೇ ದಿನ. ಬಸವೇಶ್ವರನಗರದ ಮಗ್ಗುಲಲ್ಲೇ ಇರುವ ಕಮಲಾನಗರದಲ್ಲಿ, ಶಂಕರನಾಗ್ ಬಸ್ ನಿಲ್ದಾಣದ ಹತ್ತಿರ, ಒಂದು ಬಹುಮಹಡಿ ಮನೆ ಮಳೆಗೆ ವಾಲಿತು. ಒಳಗಿದ್ದವರನ್ನು ರಾತ್ರೋರಾತ್ರಿ ಹೊರಗೆ ಕರೆತಂದರು. ಮಾರನೇ ದಿನ ಆಗಿನ ಬಿಬಿಎಂಪಿಯವರು ಯಂತ್ರ ತಂದು ಕಟ್ಟಡವನ್ನು ಕೆಡವಿದರು. ಅದಕ್ಕೆ ಮುಂಚೆ ಸೆಪ್ಟೆಂಬರ್ 27ರಂದು ಲಕ್ಕಸಂದ್ರದಲ್ಲಿ, ಅಕ್ಟೋಬರ್ 7ರಂದು ಕಸ್ತೂರಿನಗರದಲ್ಲಿ ಕಟ್ಟಡಗಳು ಕುಸಿದಿದ್ದವು. ಟಿವಿಯಲ್ಲಿ ಆ ದೃಶ್ಯಗಳನ್ನು ನೀವೂ ನೋಡಿರ್ತೀರಿ.

ಆದರೆ ವೀಕ್ಷಕರೇ, ಧೂಳು ಇಳಿದ ಮೇಲೆ ಶುರುವಾಗುವ ಕಥೆ ಯಾವ ಕ್ಯಾಮೆರಾಗೂ ಸಿಗೋದಿಲ್ಲ. ಮನೆ ಮಾಲೀಕನಿಗೆ ಬ್ಯಾಂಕ್ ಸಾಲದ ಕಂತು ನಿಲ್ಲಲ್ಲ. ಬಾಡಿಗೆದಾರನ ಅಡ್ವಾನ್ಸ್ ಮಾಲೀಕನ ಹತ್ತಿರ ಇದೆ, ಅವನೋ ಬೀದಿಯಲ್ಲಿದ್ದಾನೆ. ಲೀಸ್‌ಗೆ ಇದ್ದವನು ಊರಿನ ಜಮೀನು ಮಾರಿ ತಂದ ಲಕ್ಷಗಟ್ಟಲೆ ಹಣ ಕೊಟ್ಟಿದ್ದಾನೆ. ಇವರೆಲ್ಲರ ನಡುವೆ ಒಂದೇ ಪ್ರಶ್ನೆ: ದುಡ್ಡು ಯಾರು ಕೊಡ್ತಾರೆ? ಇವತ್ತು ಅದನ್ನೇ ಒಂದೊಂದಾಗಿ ಬಿಡಿಸೋಣ.

ಮೊದಲು ಬಾಡಿಗೆದಾರನ ವಿಷಯ. ರಾಜಾಜಿನಗರ, ವಿಜಯನಗರದಲ್ಲಿ ಬಾಡಿಗೆಗೆ ಇರುವವರು ಬಾಡಿಗೆ ಕಾಯ್ದೆ ನಮ್ಮನ್ನು ಕಾಪಾಡುತ್ತೆ ಅಂದ್ಕೊಂಡಿರ್ತಾರೆ. ಕರ್ನಾಟಕ ಬಾಡಿಗೆ ಕಾಯ್ದೆ 1999, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆ ಇರುವ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಇವತ್ತು 3,500ಕ್ಕೆ ಯಾವ ಮನೆ ಸಿಗುತ್ತೆ ಹೇಳಿ? ಹಾಗಾಗಿ ನಮ್ಮಲ್ಲಿ ಬಹುತೇಕ ಮನೆಗಳಿಗೆ ಲಾಗೂ ಆಗೋದು ಬ್ರಿಟಿಷರ ಕಾಲದ 1882ರ ಸ್ವತ್ತು ವರ್ಗಾವಣೆ ಕಾಯ್ದೆ.

ಆ ಕಾಯ್ದೆಯ 108ನೇ ಕಲಂ ಹೇಳೋದು ಇಷ್ಟು. ಬೆಂಕಿ, ಬಿರುಗಾಳಿ, ಪ್ರವಾಹ ಅಥವಾ ತಡೆಯಲಾಗದ ಬೇರೆ ಯಾವುದೋ ಶಕ್ತಿಯಿಂದ ಮನೆಯ ಮುಖ್ಯ ಭಾಗ ನಾಶವಾದರೆ, ಅಥವಾ ಇನ್ನು ವಾಸಕ್ಕೆ ಯೋಗ್ಯವಾಗದಂತೆ ಕೆಟ್ಟರೆ, ಬಾಡಿಗೆ ಕರಾರನ್ನು ಮುಗಿಸುವ ಆಯ್ಕೆ ಬಾಡಿಗೆದಾರನದ್ದು. ಗಮನಿಸಿ, ಆಯ್ಕೆ ಮಾಲೀಕನದ್ದಲ್ಲ. ಹಾನಿಗೆ ಬಾಡಿಗೆದಾರನ ತಪ್ಪೇ ಕಾರಣ ಆಗಿದ್ದರೆ ಮಾತ್ರ ಅವನಿಗೆ ಈ ಹಕ್ಕಿಲ್ಲ. ಅಂದರೆ ಮನೆ ಹೋಯ್ತು ಅಂತ ಗೊತ್ತಾದ ಕೂಡಲೇ ಬಾಡಿಗೆದಾರ ಸುಮ್ಮನೆ ಕೂರಬಾರದು. "ಈ ಕರಾರು ನಾನು ಮುಗಿಸಿದ್ದೇನೆ, ನನ್ನ ಅಡ್ವಾನ್ಸ್ ವಾಪಸ್ ಕೊಡಿ" ಅಂತ ಲಿಖಿತ ನೋಟಿಸ್ ಕೊಡಬೇಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಕೊಳ್ಳಿ.

ಇದರ ಇನ್ನೊಂದು ಮುಖವನ್ನು ಮಾಲೀಕರು ಕೇಳಿಸಿಕೊಳ್ಳಬೇಕು. ಕಟ್ಟಡ ಹೋದ ಮಾತ್ರಕ್ಕೆ ಬಾಡಿಗೆ ಹಕ್ಕು ಹೋಗಲ್ಲ. ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಪಾಲಿಕೆಯೇ ಕಟ್ಟಡ ಕೆಡವಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ಬಿದ್ದರೂ ಅದು ನಿಂತಿದ್ದ ನೆಲ ಇದೆಯಲ್ಲ, ಅದರಿಂದ ಬಾಡಿಗೆ ಸಂಬಂಧ ತಾನಾಗೇ ಕೊನೆಯಾಗುವುದಿಲ್ಲ ಅಂತ ಹೇಳಿತು. "ಮನೆ ಬಿತ್ತು, ಇನ್ನು ನಿನಗೂ ನನಗೂ ಸಂಬಂಧ ಇಲ್ಲ" ಅಂತ ಮಾಲೀಕ ಕೈ ತೊಳೆದುಕೊಳ್ಳೋಕೆ ಆಗಲ್ಲ.

ಈಗ ಲೀಸ್. ಪಶ್ಚಿಮ ಬೆಂಗಳೂರಿನ ಮಧ್ಯಮವರ್ಗಕ್ಕೆ ಇದು ತೀರಾ ಪರಿಚಿತ. ಒಂದು ದೊಡ್ಡ ಮೊತ್ತ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರೋದು, ಹೋಗುವಾಗ ಹಣ ವಾಪಸ್. ನಮ್ಮ ಹಿರಿಯರು ಇದನ್ನೇ ಭೋಗ್ಯ ಅಂತಿದ್ದರು. ಕಾನೂನಿನ ಕಣ್ಣಲ್ಲೂ ಇದು ಬಹಳ ಸಲ ಬಾಡಿಗೆಗಿಂತ ಭೋಗ್ಯದ ಅಡಮಾನಕ್ಕೇ ಹತ್ತಿರ. ಅಡಮಾನ ಅಂದ ಮೇಲೆ ಪತ್ರ ನೋಂದಣಿ ಆಗಲೇಬೇಕು. ಅದನ್ನು ಬಾಡಿಗೆ ಅಂತಲೇ ಕರೆದರೂ, ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿ ಇದ್ದರೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಅಗ್ರಿಮೆಂಟ್ ಅನ್ನೋ ಪದ್ಧತಿ ಹುಟ್ಟಿದ್ದೇ ಈ ಕಾರಣಕ್ಕೆ. ಆದರೆ ನಮ್ಮಲ್ಲಿ ಏನಾಗ್ತಿದೆ? ಹತ್ತು ಲಕ್ಷ ಕೊಡ್ತಾರೆ, ಮೂರು ವರ್ಷ ಅಂತ ಬರೀತಾರೆ, ಸ್ಟಾಂಪ್ ಪೇಪರ್ ಮೇಲೆ ಇಬ್ಬರು ಸಾಕ್ಷಿ ಸಹಿ ಹಾಕಿ ಕಾಫಿ ಕುಡಿದು ಎದ್ದು ಬರ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಯಾರೂ ಹತ್ತಲ್ಲ. ನಾಳೆ ಕೋರ್ಟಿಗೆ ಹೋದಾಗ ಆ ಕಾಗದ ಲೀಸ್ ಷರತ್ತುಗಳಿಗೆ ಸಾಕ್ಷಿಯಾಗಿ ನಿಲ್ಲೋದು ಕಷ್ಟ.

ಹಾಗಂತ ಹಣ ಮುಳುಗಿತು ಅಂತಲ್ಲ. ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಟ್ಟಿದ್ದರೆ ಹಣ ಕೊಟ್ಟಿದ್ದಕ್ಕೆ ದಾಖಲೆ ಇರುತ್ತೆ, ವಸೂಲಿಗೆ ದಾವೆ ಹಾಕಬಹುದು. ನಗದಾಗಿ ಕೊಟ್ಟವರ ಪಾಡು ದೇವರಿಗೇ ಪ್ರೀತಿ. ಇನ್ನೊಂದು ಮಾತು. ಲೀಸ್‌ಗೆ ಹೋಗುವ ಮುಂಚೆ ಇಸಿ ತೆಗೆಸಿ, ಆ ಮನೆಯ ಮೇಲೆ ಸಾಲ ಇದೆಯಾ ನೋಡಿ. ಅಷ್ಟಕ್ಕೇ ನಿಲ್ಲಬೇಡಿ, ಮೂಲ ಕ್ರಯಪತ್ರ ತೋರಿಸಿ ಅನ್ನಿ. ಬರೀ ಜೆರಾಕ್ಸ್ ತೋರಿಸಿದರೆ ಒರಿಜಿನಲ್ ಎಲ್ಲಿದೆ ಅಂತ ಕೇಳಿ. ಅದು ಬ್ಯಾಂಕಿನ ಲಾಕರ್‌ನಲ್ಲಿ ಇದ್ದರೆ, ಮನೆಯ ಮೇಲೆ ಮೊದಲ ಹಕ್ಕು ಬ್ಯಾಂಕಿನದ್ದು.

ಇನ್ನು ಮಾಲೀಕರು. ನನಗೆ ಫೋನ್ ಮಾಡುವ ಮಾಲೀಕರು ಮೊದಲು ಹೇಳೋದೇ, "ಸಾರ್, ನಮ್ಮ ಮನೆಗೆ ಇನ್ಶೂರೆನ್ಸ್ ಇದೆ." ಯಾವ ಇನ್ಶೂರೆನ್ಸ್ ಅಂತ ಕೇಳಿದರೆ, "ಹೋಮ್ ಲೋನ್ ತಗೊಂಡಾಗ ಬ್ಯಾಂಕ್‌ನವರು ಮಾಡಿಸಿದ್ರಲ್ಲ, ಅದು." ಸ್ವಾಮಿ, ಅದು ಎಷ್ಟೋ ಸಲ ಮನೆಯ ವಿಮೆಯೇ ಅಲ್ಲ! ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವ ವಿಮೆ ಅದು. ಮನೆ ಬಿದ್ದರೆ ಅದರಿಂದ ಒಂದು ಇಟ್ಟಿಗೆಯೂ ಬರಲ್ಲ. ಇವತ್ತೇ ಬೀರು ತೆಗೆದು ಪಾಲಿಸಿ ಕಾಗದದ ಮೇಲೆ ಏನು ಬರೆದಿದೆ ನೋಡಿ.

ಮನೆಗೆಂದೇ ಇರುವ ವಿಮೆಗೆ ಒಂದು ಸಿದ್ಧ ಮಾದರಿ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ'. ಬೆಂಕಿ, ಭೂಕಂಪ, ಬಿರುಗಾಳಿ, ಪ್ರವಾಹ, ನೆಲ ಕುಸಿತ ಎಲ್ಲ ಇದರಲ್ಲಿ ಸೇರುತ್ತೆ. ಮನೆ ವಾಸಕ್ಕೆ ಯೋಗ್ಯ ಅಲ್ಲದ ಅವಧಿಗೆ ಕಳೆದುಕೊಂಡ ಬಾಡಿಗೆ, ಅಥವಾ ನೀವು ಬೇರೆ ಕಡೆ ಇರೋಕೆ ಕೊಡುವ ಬಾಡಿಗೆಯೂ ಸೇರುತ್ತೆ. ವಿಮೆ ಮಾಡಿಸೋದು ಕಟ್ಟುವ ಖರ್ಚಿಗೆ, ಸೈಟಿನ ಬೆಲೆಗಲ್ಲ. ರಾಜಾಜಿನಗರದಲ್ಲಿ ಸೈಟಿಗೆ ಕೋಟಿ ಇರಬಹುದು, ಕಟ್ಟಡಕ್ಕೆ ಅದರ ಒಂದು ಪಾಲಷ್ಟೇ. ಹಾಗಾಗಿ ಪ್ರೀಮಿಯಂ ನೀವು ಹೆದರಿದಷ್ಟು ಇರಲ್ಲ. ಬಾಡಿಗೆದಾರರು ಕೂಡ ತಮ್ಮ ಟಿವಿ, ಫ್ರಿಜ್, ಪೀಠೋಪಕರಣಕ್ಕೆ ಮಾತ್ರ ಪ್ರತ್ಯೇಕವಾಗಿ ವಿಮೆ ಮಾಡಿಸಬಹುದು. ಮಾಲೀಕನ ಪಾಲಿಸಿ ನಿಮ್ಮ ಸಾಮಾನಿಗೆ ಬರೋದಿಲ್ಲ, ಇದು ನೆನಪಿರಲಿ.

ಇಷ್ಟು ಕೇಳಿ ಖುಷಿ ಆಯ್ತಾ? ಈಗ ಸಣ್ಣ ಅಕ್ಷರ ಓದೋಣ. ನೆಲ ಕುಸಿತಕ್ಕೆ ಪರಿಹಾರ ಇದೆ ಅಂದೆ. ಆದರೆ ಅದೇ ಪಾಲಿಸಿಯಲ್ಲಿ ಇವುಗಳಿಗೆ ಪರಿಹಾರ ಇಲ್ಲ ಅಂತ ಪಟ್ಟಿ ಇದೆ. ಸಹಜವಾಗಿ ಬಿಡುವ ಬಿರುಕು, ಹೊಸ ಕಟ್ಟಡ ಕೂರುವಾಗಿನ ಇಳಿತ, ಮಣ್ಣು ತುಂಬಿ ಮಾಡಿದ ನೆಲದ ಇಳಿತ, ಕೆಟ್ಟ ವಿನ್ಯಾಸ, ಕಳಪೆ ಕೆಲಸ, ಕಳಪೆ ಸಾಮಗ್ರಿ, ಕಟ್ಟಡದ ಮಾರ್ಪಾಡು, ನೆಲ ಅಗೆತ.

ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ಇದು ನಮ್ಮ ಬೆಂಗಳೂರನ್ನೇ ನೋಡಿ ಬರೆದ ಹಾಗಿಲ್ವಾ? ಎರಡು ಮಹಡಿಗೆ ಪಾಯ ಹಾಕಿ, ಬಾಡಿಗೆ ಆಸೆಗೆ ಮೇಲೆ ಇನ್ನೆರಡು ಮಹಡಿ ಏರಿಸಿದವರು ಎಷ್ಟು ಜನ? ಧರ್ಮಾಂಬುಧಿ ಕೆರೆ ಮುಚ್ಚಿ ಮೆಜೆಸ್ಟಿಕ್ ಬಸ್ ನಿಲ್ದಾಣ ಮಾಡಿದ ಊರು ನಮ್ಮದು. ವೃಷಭಾವತಿ ಕೆಂಗೇರಿ ಕಡೆ ಹರಿದು ಹೋಗುವ ದಾರಿಯುದ್ದಕ್ಕೂ, ರಾಜಕಾಲುವೆಗಳ ಅಂಚಿನಲ್ಲಿ, ಮಣ್ಣು ತುಂಬಿ ಮಟ್ಟ ಮಾಡಿ ಕಟ್ಟಿದ ಮನೆಗಳು ಎಷ್ಟಿಲ್ಲ? ಪಕ್ಕದ ಸೈಟಿನವನು ಬೇಸ್‌ಮೆಂಟ್‌ಗೆ ಹತ್ತಡಿ ಅಗೆದಾಗ ನಿಮ್ಮ ಗೋಡೆ ಬಿರುಕು ಬಿಟ್ಟರೆ ವಿಮಾ ಕಂಪನಿ ಈ ಪಟ್ಟಿಯನ್ನೇ ತೋರಿಸುತ್ತೆ. ಆಗ ನೀವು ಕೇಳಬೇಕಾದ್ದು ಅಗೆದವನನ್ನು, ಸಿವಿಲ್ ಕೋರ್ಟಿನಲ್ಲಿ. ಅಲ್ಲಿ ನಿಲ್ಲೋದು ಸಾಕ್ಷಿ. ಪಕ್ಕದಲ್ಲಿ ಜೆಸಿಬಿ ಬಂದ ದಿನವೇ ನಿಮ್ಮ ಗೋಡೆಗಳ ಫೋಟೋ ತೆಗೆದಿಡಿ, ಪಾಲಿಕೆಗೆ ಲಿಖಿತ ದೂರು ಕೊಡಿ.

ಅಪಾರ್ಟ್‌ಮೆಂಟ್ ಕೊಂಡವರಿಗೆ ಒಂದು ರಕ್ಷಣೆ ಹೆಚ್ಚಿದೆ. ಯೋಜನೆ ರೇರಾ ಕಾಯ್ದೆಯ ವ್ಯಾಪ್ತಿಗೆ ಬರುವುದಾದರೆ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಕೆಂಗೇರಿ ಕಡೆ ಹೊಸ ಫ್ಲ್ಯಾಟ್‌ಗೆ ಹೋದವರು ಆ ಐದು ವರ್ಷ ಮುಗಿಯುವ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಡಿ.

ಅನಾಹುತ ಆಗೇ ಹೋಯ್ತು ಅನ್ನಿ. ಏನ್ ಮಾಡ್ಬೇಕು? ಮೊದಲು ಜೀವ, ಆಮೇಲೆ ಕಾಗದ. ವಿಮಾ ಕಂಪನಿಗೆ ಅದೇ ದಿನ ತಿಳಿಸಿ. ಸರ್ವೇಯರ್ ಬರುವ ಮುಂಚೆ ಪಾಲಿಕೆ ಕೆಡವುವುದಾದರೆ, ಕೆಡವುವ ಮುಂಚಿನ ಫೋಟೋ, ವಿಡಿಯೋ ಇರಲಿ. ಪಾಲಿಕೆಯ ನೋಟಿಸ್, ಪೊಲೀಸರ ಮಹಜರು, ಎರಡರ ಪ್ರತಿಯನ್ನೂ ಕೇಳಿ ತಗೊಳ್ಳಿ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು. ಅಲ್ಲಿ ಒಪ್ಪದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರ ಇಲ್ಲದಿದ್ದರೆ, ವಿಮಾ ಲೋಕಪಾಲರ ಹತ್ತಿರ ಹೋಗಿ. ಅವರ ಕಚೇರಿ ಬೆಂಗಳೂರಲ್ಲೇ ಇದೆ. ಶುಲ್ಕ ಇಲ್ಲ, ವಕೀಲರೂ ಬೇಡ. ಆದರೆ ಒಂದು ವರ್ಷದೊಳಗೆ ಹೋಗಬೇಕು. ಅದಲ್ಲದೆ ಗ್ರಾಹಕರ ಆಯೋಗದ ಬಾಗಿಲೂ ಇದೆ.

ಒಂದು ವಿಷಯ ನೇರವಾಗಿ ಹೇಳಿಬಿಡ್ತೀನಿ. ಪಾಯ ನೋಡದೆ ಮಹಡಿ ಏರಿಸಿದವನಿಗೆ ಯಾವ ವಿಮೆಯೂ ಇಲ್ಲ. ನಿಮ್ಮ ಮನೆಗೆ ಇಪ್ಪತ್ತೈದು ಮೂವತ್ತು ವರ್ಷ ಆಗಿದ್ದರೆ, ಮಳೆಗಾಲಕ್ಕೆ ಮುಂಚೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ ಪಾಯ, ಕಂಬ, ಸಂಪು ತೋರಿಸಿ. ಅವರಿಗೆ ಕೊಡುವ ಫೀಸು ಒಂದು ತಿಂಗಳ ಬಾಡಿಗೆ ಆಗಬಹುದು, ಆಗಲಿ ಬಿಡಿ. ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇರುವ ಸಂಸಾರ ರಾತ್ರಿ ಮಕ್ಕಳನ್ನು ಮಲಗಿಸೋದು ನಿಮ್ಮ ಪಾಯವನ್ನು ನಂಬಿಕೊಂಡೇ.