ಮೂರು ಚಿತ್ರ, ಒಂದು ತಕರಾರು

ಜತ್ತ ತಾಲೂಕಿನ ಕನ್ನಡಿಗರಾದ ನಮಗ ಸಿನಿಮಾ ಅಂದ್ರ ಬರೀ ಕತಿ ಅಲ್ಲ. ನಮ್ಮ ಮಾತಿಗೆ ಅದರಾಗ ಎಷ್ಟು ಮರ್ಯಾದಿ ಐತಿ ಅನ್ನೋದೂ ಮುಖ್ಯ. ತೆಲುಗು, ಕನ್ನಡ ಎರಡರಲ್ಲೂ ಪದ್ಯ ಬರೆಯುವ ಈ ರೈತ ಮೂರು ಚಿತ್ರಗಳನ್ನು ಅದೇ ತಕ್ಕಡಿಗೆ ಹಾಕಿದ್ದಾನೆ.

ಕಾಟೇರ (2023): ನಿರ್ದೇಶನ ತರುಣ್ ಸುಧೀರ್. 'ಉಳುವವನೇ ಒಡೆಯ' ಕಾನೂನಿನ ಕಾಲದ ಗೇಣಿದಾರರ ಬವಣೆಯನ್ನು ದೊಡ್ಡ ನಾಯಕನ ಚಿತ್ರಕ್ಕೆ ತಂದದ್ದು ಮೆಚ್ಚತಕ್ಕದ್ದು. ಆದರೆ ಹೊಡೆದಾಟದ ಧೂಳಿನಾಗ ಹೊಲಾನೇ ಕಾಣವಲ್ದು.

ಬಲಗಂ (ತೆಲುಗು, 2023): ನಿರ್ದೇಶನ ವೇಣು ಯೆಲ್ದಂಡಿ. ಸತ್ತ ಮುದುಕನಿಗಿಟ್ಟ ಎಡೆಯನ್ನು ಕಾಗೆ ಮುಟ್ಟುವುದಿಲ್ಲ. ಮನೆಯವರ ಹಳೆಯ ಜಗಳ ಹೊರಬೀಳುತ್ತದೆ. ತೆಲಂಗಾಣದ ಹಳ್ಳಿಮಾತು ಇಲ್ಲಿ ನಗಿಸುತ್ತದೆ, ಅಳಿಸುತ್ತದೆ. ಮೂರರಾಗ ಇದಕ್ಕೇ ಮೊದಲ ಮಣಿ.

ಫೋಟೋ (2024): ನಿರ್ದೇಶನ ಉತ್ಸವ್ ಗೋನವಾರ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ರಾಯಚೂರು ಕಡೆ ನಡೆದು ಹೊರಟ ತಂದೆ-ಮಗನ ಕತಿ. ನಡಿಗೆ ನಿಧಾನ, ಆದರೆ ಸುಳ್ಳಿಲ್ಲ. ಕಬ್ಬು ಕಡಿಯಾಕ ಗುಳೆ ಹೋಗೋ ನಮ್ಮ ಮಂದಿಗೆ ಇದು ದೂರದ ಕತಿ ಅನಿಸೂದಿಲ್ಲ.

ಉತ್ತರ ಕರ್ನಾಟಕದ ಮಾತನ್ನು ಕನ್ನಡ ಚಿತ್ರರಂಗ ಬಹಳ ವರ್ಷ ನಗಿಸಾಕಷ್ಟೇ ಇಟ್ಟುಕೊಂಡಿತ್ತು. ಆ ಮಾತಿನಾಗ ಅಳೂದೂ ಐತಿ, ಸಿಟ್ಟೂ ಐತಿ. ಅದನ್ನು ತೋರಿಸುವವರು ಇನ್ನೂ ಹೆಚ್ಚಲಿ. ಗಡಿಯಾಚೆಯ ನಾವೂ ನೋಡಿ ನಮ್ಮವರೇ ಅಂದೇವು.