ಬಜರ್ ಒಬ್ಬರದು, ಬೋನಸ್ ನಾಲ್ವರದು

ಬ್ರಿಟನ್ನಿನ ಅನೇಕ ಮನೆಗಳಲ್ಲಿ ಸೋಮವಾರ ರಾತ್ರಿಯ ಅರ್ಧ ಗಂಟೆ ‘ಯೂನಿವರ್ಸಿಟಿ ಚಾಲೆಂಜ್’ಗೆ ಮೀಸಲು. ಎರಡು ತಂಡ, ತಂಡಕ್ಕೆ ನಾಲ್ವರು ವಿದ್ಯಾರ್ಥಿಗಳು, ಪ್ರತಿಯೊಬ್ಬರ ಮುಂದೆ ಒಂದು ಬಜರ್, ಎದುರಿಗೆ ಕಾರ್ಡು ಹಿಡಿದು ಕೂತ ಕ್ವಿಜ್ ಮಾಸ್ಟರ್. ಗೆದ್ದವರಿಗೆ ಕಂತೆ ಹಣವಿಲ್ಲ, ಕಾರಿಲ್ಲ. ಇಡೀ ಸರಣಿ ಗೆದ್ದ ತಂಡಕ್ಕೆ ಸಿಗುವುದು ಒಂದು ಟ್ರೋಫಿ. ನಡುವೆ ಕಣ್ಣೀರಿನ ಕಥೆಯಿಲ್ಲ, ಉತ್ತರಕ್ಕೆ ಮುಂಚೆ ಎದೆ ಬಡಿತದ ಸಂಗೀತವಿಲ್ಲ. ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತದೆ. ಅವು ಎಷ್ಟು ಕಠಿಣವೆಂದರೆ ಮನೆಯಲ್ಲಿ ಕೂತವರಿಗೆ ಎರಡೋ ಮೂರೋ ಉತ್ತರ ಹೊಳೆದರೆ ಆ ರಾತ್ರಿ ಹಬ್ಬ. ಟಿ.ವಿ.ಯ ಹತ್ತಾರು ರಸಪ್ರಶ್ನೆಗಳ ನಡುವೆ ಇದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅದಕ್ಕೆ ಕಾರಣ ಪ್ರಶ್ನೆಗಳ ಕಾಠಿಣ್ಯಕ್ಕಿಂತ ಹೆಚ್ಚಾಗಿ ಆಟದ ನಿಯಮ.

ನಿಯಮ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ಮೊದಲು ಹತ್ತು ಅಂಕದ ಒಂದು ಪ್ರಶ್ನೆ. ಅದಕ್ಕೆ ‘ಸ್ಟಾರ್ಟರ್’ ಎಂದು ಹೆಸರು. ಎಂಟೂ ಜನರಲ್ಲಿ ಯಾರು ಬೇಕಾದರೂ ಬಜರ್ ಒತ್ತಬಹುದು, ಆದರೆ ಪಕ್ಕದವರನ್ನು ಕೇಳುವಂತಿಲ್ಲ. ಸರಿ ಹೇಳಿದ ತಂಡಕ್ಕೆ ಐದೈದು ಅಂಕದ ಮೂರು ಬೋನಸ್ ಪ್ರಶ್ನೆಗಳು. ಈಗ ನಾಲ್ವರೂ ತಲೆ ಸೇರಿಸಿ ಚರ್ಚಿಸಬಹುದು. ಕೊನೆಯ ಉತ್ತರ ಸಾಮಾನ್ಯವಾಗಿ ನಾಯಕನ ಬಾಯಿಂದ ಬರುತ್ತದೆ. ಪ್ರಶ್ನೆ ಮುಗಿಯುವ ಮುನ್ನವೇ ಬಜರ್ ಒತ್ತಿ ತಪ್ಪು ಹೇಳಿದರೆ ಐದು ಅಂಕ ಕಳೆಯುತ್ತದೆ. ಅಷ್ಟೇ ಅಲ್ಲ, ಪ್ರಶ್ನೆಯನ್ನು ಎದುರಾಳಿ ತಂಡಕ್ಕೆ ಪೂರ್ತಿ ಓದಿ ಹೇಳಲಾಗುತ್ತದೆ.

ಹೀಗೆ ಒಂದೇ ಅರ್ಧ ಗಂಟೆಯಲ್ಲಿ ಎರಡು ಬಗೆಯ ಜಾಣತನದ ಪರೀಕ್ಷೆ ನಡೆಯುತ್ತದೆ. ಮೊದಲನೆಯದು ಒಂಟಿಯಾಗಿ ಧೈರ್ಯ ಮಾಡುವುದು. ಎರಡನೆಯದು ಜೊತೆಗಾರರ ಮಾತಿಗೆ ಕಿವಿಗೊಡುವುದು. ಮೊದಲನೆಯದರಲ್ಲಿ ಮಿಂಚಿ ಎರಡನೆಯದರಲ್ಲಿ ಎಡವುವ ತಂಡಗಳು ಎಷ್ಟೋ ಇವೆ.

ಸ್ಟಾರ್ಟರ್ ಕಟ್ಟುವ ಕಸುಬನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಪರೂಪದ ಸುಳಿವು ಮೊದಲು ಬರುತ್ತದೆ, ಎಲ್ಲರಿಗೂ ಗೊತ್ತಿರುವುದು ಕೊನೆಗೆ. ನಮ್ಮ ನೆಲದ ವಿಷಯವನ್ನೇ ತೆಗೆದುಕೊಂಡು ಅಂಥದೊಂದನ್ನು ಕಟ್ಟಿ ನೋಡೋಣ: “ಹಳೆಯ ಶಾಸನಗಳಲ್ಲಿ ವೇಣುಗ್ರಾಮ ಎನಿಸಿಕೊಂಡ, ಕೋಟೆಯೊಳಗೆ ಕಮಲ ಬಸದಿಯಿರುವ, 1924ರ ಕಾಂಗ್ರೆಸ್ ಅಧಿವೇಶನ ನಡೆದ, ಈಗ ಸುವರ್ಣ ವಿಧಾನಸೌಧವಿರುವ ಊರು ಯಾವುದು?” ಇತಿಹಾಸ ಓದಿದ ಹುಡುಗಿ ‘ವೇಣುಗ್ರಾಮ’ ಕೇಳಿದ ತಕ್ಷಣ ಒತ್ತುತ್ತಾಳೆ. ಪತ್ರಿಕೆ ಓದುವ ಹುಡುಗ ವಿಧಾನಸೌಧದ ತನಕ ಕಾಯಬೇಕು, ಅಷ್ಟರಲ್ಲಿ ಆಟ ಮುಗಿದಿರುತ್ತದೆ. ಆದರೆ ಇದೇ ಪ್ರಶ್ನೆಯ ಬಾಲ ಬೇರೆ ಕಡೆ ತಿರುಗಿರಲೂಬಹುದು: “...1924ರಲ್ಲಿ ಅಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು ಯಾರು?” ಆಗ ‘ಬೆಳಗಾವಿ’ ಎಂದು ಕೂಗಿದ ಹುಡುಗಿ ಐದು ಅಂಕ ಕಳೆದುಕೊಳ್ಳುತ್ತಾಳೆ, ‘ಗಾಂಧೀಜಿ’ ಎಂದ ಎದುರಾಳಿ ಹತ್ತು ಗಳಿಸುತ್ತಾನೆ. ನುರಿತ ಆಟಗಾರರು ಪ್ರಶ್ನೆಯ ವಿಷಯದ ಜೊತೆಗೆ ಅದರ ನಡಿಗೆಯನ್ನೂ ಗಮನಿಸುತ್ತಾರೆ. ವಾಕ್ಯ ಯಾವ ಕಡೆ ವಾಲುತ್ತಿದೆ, ಮುಖ್ಯ ಪದ ಇನ್ನೂ ಬಂದಿಲ್ಲವೇ ಎಂದು ಅಳೆಯುತ್ತಾರೆ. ಬಜರ್ ಒತ್ತಿದ ಮೇಲೂ ತಕ್ಷಣ ಬಾಯಿ ಬಿಡುವಂತಿಲ್ಲ. ಉದ್ಘೋಷಕರು ಸಂಸ್ಥೆಯ ಹೆಸರನ್ನೂ ಸ್ಪರ್ಧಿಯ ಕುಲನಾಮವನ್ನೂ ಕೂಗಿದ ನಂತರವೇ ಉತ್ತರ. ನಾಲಿಗೆಯ ತುದಿಯಲ್ಲಿರುವ ಹೆಸರನ್ನು ಎಳೆದು ತರಲು ಸಿಗುವುದು ಆ ಒಂದು ಗಳಿಗೆ. ಕ್ಯಾಮೆರಾ ಆಗ ಮುಖದ ಮೇಲಿರುತ್ತದೆ. ನೆನಪು ಕೆಲಸ ಮಾಡುವುದನ್ನು ಕಣ್ಣಾರೆ ಕಾಣಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆಟದ ಬೇರು ಇರುವುದು ಅಮೆರಿಕದಲ್ಲಿ. 1953ರಲ್ಲಿ ಅಲ್ಲಿನ ರೇಡಿಯೊದಲ್ಲಿ ಶುರುವಾದ ‘ಕಾಲೇಜ್ ಬೌಲ್’ ಇದರ ಮಾದರಿ. ಮ್ಯಾಂಚೆಸ್ಟರಿನ ಗ್ರನಾಡ ಟೆಲಿವಿಷನ್ ಅದನ್ನು ಬ್ರಿಟನ್ನಿಗೆ ತಂದಿತು; 1962ರ ಸೆಪ್ಟೆಂಬರ್ 21ರಂದು ರೆಡಿಂಗ್ ಮತ್ತು ಲೀಡ್ಸ್ ತಂಡಗಳ ನಡುವೆ ಮೊದಲ ಪಂದ್ಯ. ನಡೆಸಿಕೊಟ್ಟವರು 27 ವರ್ಷದ ಬ್ಯಾಂಬರ್ ಗ್ಯಾಸ್ಕೊಯಿನ್. ಮುಂದೆ ಮೊಘಲ್ ದೊರೆಗಳ ಕುರಿತು ‘ದಿ ಗ್ರೇಟ್ ಮೊಘಲ್ಸ್’ ಎಂಬ ಪುಸ್ತಕ ಬರೆದ ವಿದ್ವಾಂಸರು ಇವರೇ. 1987ರಲ್ಲಿ ನಿಂತುಹೋದ ಕಾರ್ಯಕ್ರಮವನ್ನು 1994ರಲ್ಲಿ ಬಿಬಿಸಿ ಟೂ ಮತ್ತೆ ಎಬ್ಬಿಸಿತು. ರಾಜಕಾರಣಿಗಳ ಬೆವರಿಳಿಸುತ್ತಿದ್ದ ಪತ್ರಕರ್ತ ಜೆರೆಮಿ ಪ್ಯಾಕ್ಸ್‌ಮನ್ 2023ರವರೆಗೆ ಆ ಕುರ್ಚಿಯಲ್ಲಿದ್ದರು. ಗ್ಯಾಸ್ಕೊಯಿನ್ ಅವರದು ಸೌಮ್ಯ ಧಾಟಿ, ಪ್ಯಾಕ್ಸ್‌ಮನ್ ಅವರದು ಬಿರುಸು. ಉತ್ತರ ತಡವಾದರೆ ಗದರಿಯೇ ಬಿಡುತ್ತಿದ್ದರು. ಪಾರ್ಕಿನ್ಸನ್ ಕಾಯಿಲೆ ಇರುವುದನ್ನು ಬಹಿರಂಗವಾಗಿ ಹೇಳಿಕೊಂಡ ನಂತರವೂ ಅವರು ಕೆಲಕಾಲ ಪ್ರಶ್ನೆ ಕೇಳುತ್ತಲೇ ಇದ್ದರು. ಈಗ ಆ ಜಾಗದಲ್ಲಿರುವ ಅಮೋಲ್ ರಾಜನ್ ಹುಟ್ಟಿದ್ದು ಕೋಲ್ಕತ್ತದಲ್ಲಿ.

ತೆರೆಯ ಮೇಲೆ ಒಂದು ತಂಡ ಮೇಲೆ, ಇನ್ನೊಂದು ಕೆಳಗೆ ಕಾಣುತ್ತದೆ. ನಿಜದಲ್ಲಿ ಎರಡೂ ಒಂದೇ ನೆಲದಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಎರಡು ಕ್ಯಾಮೆರಾಗಳ ಚಿತ್ರವನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ಒಂದು ಸರಣಿಯಲ್ಲಿ 28 ತಂಡಗಳು. ಎಂಟರ ಘಟ್ಟ ತಲುಪಿದವರು ಎರಡು ಪಂದ್ಯ ಗೆದ್ದರೆ ಸೆಮಿಫೈನಲ್, ಎರಡು ಸೋತರೆ ಮನೆಗೆ. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಐದನೇ ಬಾರಿ ಗೆದ್ದು ದಾಖಲೆ ಮಾಡಿತು.

ಇಷ್ಟು ಗೌರವದ ಆಟಕ್ಕೂ ಒಂದು ಹಳೆಯ ಅನ್ಯಾಯ ಅಂಟಿಕೊಂಡಿದೆ. ಬೇರೆ ವಿಶ್ವವಿದ್ಯಾಲಯಗಳಿಗೆ ಒಂದೊಂದು ತಂಡವಾದರೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಕಾಲೇಜುಗಳು ಪ್ರತ್ಯೇಕವಾಗಿ ಕಣಕ್ಕಿಳಿಯುತ್ತವೆ. ಇದನ್ನು ವಿರೋಧಿಸಿ 1975ರಲ್ಲಿ ಮ್ಯಾಂಚೆಸ್ಟರ್ ತಂಡದ ವಿದ್ಯಾರ್ಥಿಗಳು ಪ್ರಶ್ನೆ ಯಾವುದೇ ಇರಲಿ, ಮಾರ್ಕ್ಸ್, ಲೆನಿನ್, ಟ್ರಾಟ್‌ಸ್ಕಿ, ಚೆ ಗೆವಾರ ಎಂದೇ ಉತ್ತರಿಸುತ್ತ ಹೋದರು. ಅವರ ದೂರು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಪದ್ಧತಿ ಇಂದಿಗೂ ಬದಲಾಗಿಲ್ಲ. ಆದರೆ ಅದೇ ಮ್ಯಾಂಚೆಸ್ಟರ್ 2006ರಿಂದ 2013ರೊಳಗೆ ನಾಲ್ಕು ಬಾರಿ ಟ್ರೋಫಿ ಎತ್ತಿಕೊಂಡಿತು. ಅದರಲ್ಲಿ 2009ರದು ವಿಚಿತ್ರವಾಗಿ ಬಂದದ್ದು. ಫೈನಲ್ ಗೆದ್ದಿದ್ದು ಆಕ್ಸ್‌ಫರ್ಡಿನ ಕಾರ್ಪಸ್ ಕ್ರಿಸ್ಟಿ ಕಾಲೇಜು. ಸರಣಿ ಮುಗಿಯುವ ಮುಂಚೆಯೇ ಅವರಲ್ಲೊಬ್ಬರು ವಿದ್ಯಾರ್ಥಿಯಾಗಿ ಉಳಿದಿರಲಿಲ್ಲ ಎಂದು ಆಮೇಲೆ ತಿಳಿದು ಪಟ್ಟ ಮ್ಯಾಂಚೆಸ್ಟರಿಗೆ ಹೋಯಿತು. ಆ ವರ್ಷ ಕಾರ್ಪಸ್ ತಂಡದ ನಾಯಕಿ ಗೇಲ್ ಟ್ರಿಂಬಲ್ ತಂಡದ ಅಂಕಗಳಲ್ಲಿ ಹೆಚ್ಚಿನ ಪಾಲನ್ನು ತಾವೇ ತಂದಿದ್ದರು. ಅವರಿಗೆ ಸಿಕ್ಕಿದ ಹೊಗಳಿಕೆಯ ಜೊತೆಗೆ ಹೀಯಾಳಿಕೆಯೂ ಧಾರಾಳವಾಗಿತ್ತು. ಅಷ್ಟೇ ತಿಳಿದಿದ್ದ ಹುಡುಗನೊಬ್ಬನಿಗೆ ಅಂಥ ಮಾತು ಬೀಳುತ್ತಿರಲಿಲ್ಲ.

ಬೋನಸ್ ಸುತ್ತಿನ ಪಿಸುಮಾತು ನನಗೆ ಎಲ್ಲಕ್ಕಿಂತ ಇಷ್ಟ. ರಸಾಯನಶಾಸ್ತ್ರದವನು ಹದಿನೇಳನೇ ಶತಮಾನದ ಒಂದು ನಾಟಕದ ಹೆಸರು ಹೇಳಿ, ‘ಖಾತ್ರಿ ಇಲ್ಲ’ ಎನ್ನುತ್ತಾನೆ. ಸಾಹಿತ್ಯದವಳು ತಲೆ ಅಲ್ಲಾಡಿಸುತ್ತಾಳೆ. ನಾಯಕನಿಗೆ ಇರುವುದು ಕೆಲವೇ ಸೆಕೆಂಡು. ಜೋರಾಗಿ ಹೇಳಿದವರ ಮಾತನ್ನು ಒಪ್ಪಬೇಕೋ, ಅಳುಕುತ್ತಲೇ ಹೇಳಿದವರದನ್ನೋ? ಸರಿಯುತ್ತರವನ್ನು ಮೆಲ್ಲಗೆ ಹೇಳಿದ ನಾಲ್ಕನೆಯವರನ್ನು ಯಾರೂ ಕೇಳಿಸಿಕೊಳ್ಳದೆ ಐದು ಅಂಕ ಹೋಗುವುದನ್ನು ವೀಕ್ಷಕರು ಆಗಾಗ ಕಾಣುತ್ತಾರೆ. ಗೆಲ್ಲುವ ತಂಡದ ನಾಯಕ ಪ್ರತಿ ಸಲವೂ ಮೇಜಿನ ಆ ತುದಿಯವರೆಗೆ ತಿರುಗಿ ನೋಡುತ್ತಾನೆ.

ನಮ್ಮಲ್ಲಿಯೂ ಈ ಪರಂಪರೆಗೆ ಬೇರಿದೆ. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ನಡೆಸಿದ ‘ಕ್ವಿಜ್ ಟೈಮ್’ ಕಾಲೇಜು ತಂಡಗಳನ್ನು ದೇಶದ ಮುಂದೆ ಕೂರಿಸಿತು. ಮುಂದೆ ‘ಯೂನಿವರ್ಸಿಟಿ ಚಾಲೆಂಜ್’ನ ಭಾರತೀಯ ಆವೃತ್ತಿಯನ್ನು ನಡೆಸಿಕೊಟ್ಟವರೂ ಅವರೇ. ಬೆಂಗಳೂರಿನಲ್ಲಿ 1983ರಿಂದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಇದೆ. ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’, ಬಹುಮಾನವಾಗಿ ಪುಸ್ತಕವನ್ನೇ ಕೊಡುತ್ತ, ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಜನ ಕೂತು ನೋಡುತ್ತಾರೆ ಎಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿದೆ. ಅಲ್ಲಿ ಆಡುವವರು ಒಬ್ಬೊಬ್ಬರೇ. ಇನ್ನು ಬೇಕಿರುವುದು ಬೋನಸ್ಸಿನ ಆ ಚರ್ಚೆ, ಅದೂ ಕನ್ನಡದಲ್ಲಿ. ಧಾರವಾಡದ ಒಂದು ಕಾಲೇಜು, ಶಿವಮೊಗ್ಗದ ಒಂದು ಕಾಲೇಜು. ತಂಡದಲ್ಲಿ ಒಬ್ಬಳು ಭೌತಶಾಸ್ತ್ರದವಳು, ಒಬ್ಬ ಹಳಗನ್ನಡ ಓದಿದವನು, ಒಬ್ಬ ಕೃಷಿ ವಿಜ್ಞಾನದವನು, ಒಬ್ಬಳು ವಾಣಿಜ್ಯದವಳು. ಪ್ರಶ್ನೆಗಳನ್ನು ತೆಳುಗೊಳಿಸದೆ, ಪಂಪನಿಂದ ಪ್ರೋಟಾನಿನವರೆಗೆ ಕೇಳಬಲ್ಲ ಒಬ್ಬ ಕ್ವಿಜ್ ಮಾಸ್ಟರ್ ಸಿಕ್ಕರೆ ಸಾಕು. ಸ್ಟುಡಿಯೊ ಇದೆ, ವಾಹಿನಿಗಳಿವೆ, ಓದಿಕೊಂಡ ಹುಡುಗ ಹುಡುಗಿಯರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.