ಗೇರಿನ ಬಿಗಿತ, ಗೇರಿನ ಸಡಿಲು

ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣಿಹಳ್ಳದ ದಂಡೆಯ ಊರು. ಚಾಂಗದೇವನೆಂದೂ ರಾಜಾಬಾಗಸವಾರನೆಂದೂ ಭಕ್ತರು ಕರೆಯುವ ಸಂತನ ಜಾತ್ರೆಗೆ ಇಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಬರುತ್ತಾರೆ. ಇಂಥ ಜಾತ್ರೆಯ ದಾರಿಯಲ್ಲಿ ವಾಹನಗಳು ಜನಸಂದಣಿಯ ನಡುವೆ ನಿಂತು ನಿಂತು ಸಾಗಬೇಕಾಗುತ್ತದೆ. ಆಗ ಚಾಲಕನ ಕಣ್ಣು ದಾರಿಯ ಮೇಲಿರಬೇಕು. ಗೇರು ಬೀಳದೆ ಸತಾಯಿಸಿದರೆ ಅವನ ಲಕ್ಷ್ಯ ಕೈಯ ಕಡೆಗೆ ಹೊರಳುತ್ತದೆ. ಆ ಕ್ಷಣದಲ್ಲಿಯೇ ಮಗುವೊಂದು ಅಡ್ಡ ಬರಬಹುದು. ಆದುದರಿಂದ ಗೇರಿನ ದೋಷವನ್ನು ಅರಿತು ತಿದ್ದುವುದು ಪ್ರಾಣರಕ್ಷಣೆಯ ಕೆಲಸ.

ಮೊದಲು ಗೇರಿನ ಅಗತ್ಯವನ್ನು ತಿಳಿಯೋಣ. ನಿಂತ ಗಾಡಿಯನ್ನು ಕದಲಿಸಲು ಹೆಚ್ಚು ಬಲ ಬೇಕು. ಓಡುವ ಗಾಡಿಗೆ ಅಷ್ಟು ಬೇಡ. 15 ಹಲ್ಲುಗಳ ಗಾಲಿಯೊಂದು 45 ಹಲ್ಲುಗಳ ಗಾಲಿಯನ್ನು ತಿರುಗಿಸುತ್ತದೆಯೆನ್ನಿ. ಚಿಕ್ಕದು 3 ಸುತ್ತು ಸುತ್ತಿದಾಗ ದೊಡ್ಡದು 1 ಸುತ್ತು ಸುತ್ತುತ್ತದೆ. ವೇಗ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಿರುಗಿಸುವ ಬಲ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಇಂಥ ಹಲವು ಜೋಡಿಗಳನ್ನು ಒಳಗೊಂಡದ್ದೇ ಗೇರುಪೆಟ್ಟಿಗೆ.

ಗೇರು ಬದಲಿಸುವಾಗ ಎಂಜಿನ್ನಿನ ಬಲವನ್ನು ಗೇರುಪೆಟ್ಟಿಗೆಯಿಂದ ಬೇರ್ಪಡಿಸುವ ಸಾಧನ ಕ್ಲಚ್ಚು. ಬೇರೆಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಕೂಡಿಸಹೋದರೆ ಹಲ್ಲುಗಳು ಕರಕರ ಸದ್ದು ಮಾಡುತ್ತವೆ. ಇದನ್ನು ತಪ್ಪಿಸಲು, ಕೂಡುವ ಮೊದಲೇ ಎರಡರ ವೇಗವನ್ನೂ ಘರ್ಷಣೆಯಿಂದ ಸಮಗೊಳಿಸುವ ಉಂಗುರದ ಏರ್ಪಾಡು ಬಂದಿತು. ಇದಕ್ಕೆ ಸಿಂಕ್ರೋಮೆಶ್ ಎಂದು ಹೆಸರು. 1928ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿನಲ್ಲಿ ಇದು ಕಾಣಿಸಿಕೊಂಡಿತು.

ಇಂಗ್ಲೆಂಡಿನಲ್ಲಿ 1955ರಿಂದ 1962ರವರೆಗೆ ಎಂ.ಜಿ.ಎ. ಎಂಬ ಚೆಲುವಾದ ಕ್ರೀಡಾಕಾರು ತಯಾರಾಗುತ್ತಿತ್ತು. ಅದರಲ್ಲಿ ಮೊದಲು ಇದ್ದ 1489 ಘನ ಸೆಂಟಿಮೀಟರಿನ ಎಂಜಿನ್ನಿನ ಕುಲವೇ ನಮ್ಮ ನಾಡಿನ ರಸ್ತೆಗಳಲ್ಲಿ ದೀರ್ಘಕಾಲ ಓಡಿದ ಅಂಬಾಸಡರ್ ಕಾರಿಗೂ ಬಂದಿತು. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಒಂದು ಓಟದ ಸೊಗಸಿಗೆ, ಇನ್ನೊಂದು ಸಂಸಾರದ ಪ್ರಯಾಣಕ್ಕೆ ಹುಟ್ಟಿದರೂ ಎರಡೂ ದಾಯಾದಿಗಳು. ಈ ಕಾಲದ ಇಂಥ ಕಾರುಗಳ ಒಂದನೆಯ ಗೇರಿಗೆ ಸಮಗೊಳಿಸುವ ಉಂಗುರವಿರಲಿಲ್ಲ. ಗಾಡಿ ಓಡುತ್ತಿರುವಾಗ ಆ ಗೇರಿಗೆ ಇಳಿಸಹೋಗಿ ಸದ್ದಾದರೆ ಅದು ರೋಗವಲ್ಲ, ಯಂತ್ರದ ಸ್ವಭಾವ. ಸ್ವಭಾವವನ್ನೂ ರೋಗವನ್ನೂ ಬೇರ್ಪಡಿಸಿ ನೋಡುವುದೇ ಪರೀಕ್ಷೆಯ ಮೊದಲ ಪಾಠ.

ಗೇರು ಬಿಗಿಯಾಗಿದ್ದರೆ ಹೀಗೆ ಪರೀಕ್ಷಿಸಬೇಕು. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಎಂಜಿನ್ನನ್ನು ಆರಿಸಬೇಕು. ಬಳಿಕ ಕ್ಲಚ್ಚನ್ನು ಒತ್ತಿ ಒಂದೊಂದೇ ಗೇರನ್ನು ಹಾಕಿ ನೋಡಬೇಕು. ಆಗ ಸುಲಭವಾಗಿ ಬಿದ್ದು, ಎಂಜಿನ್ನು ನಡೆಯುವಾಗ ಎಲ್ಲ ಗೇರುಗಳೂ ಕಷ್ಟವಾದರೆ, ಕ್ಲಚ್ಚು ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲವೆಂದು ಶಂಕಿಸಬೇಕು. ಪೆಡಲಿನ ಹೊಂದಾಣಿಕೆ ತಪ್ಪಿರಬಹುದು. ದ್ರವದಿಂದ ನಡೆಯುವ ಕ್ಲಚ್ಚಾದರೆ ದ್ರವ ಸೋರಿರಬಹುದು ಅಥವಾ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಎಂಜಿನ್ನು ಆರಿದ್ದಾಗಲೂ ಬಿಗಿಯಾಗಿದ್ದರೆ ಗೇರಿನ ಹಿಡಿಯಿಂದ ಪೆಟ್ಟಿಗೆಯವರೆಗಿನ ಸರಳುಗಳನ್ನು ನೋಡಬೇಕು. ಒಂದೇ ಗೇರು ಒಮ್ಮೆ ತಡೆದರೆ ಗಾಬರಿ ಬೇಡ: ಹಲ್ಲಿಗೆ ಹಲ್ಲು ಎದುರಾಗಿ ನಿಂತಿದ್ದೀತು. ಹಿಡಿಯನ್ನು ಹಿಂದಕ್ಕೆ ತಂದು ಕ್ಲಚ್ಚನ್ನು ಬಿಟ್ಟು, ಗಾಡಿಯನ್ನು ತುಸು ಕದಲಿಸಿ ಮತ್ತೆ ಹಾಕಿದರೆ ಬಿದ್ದೀತು.

ಒಂದೇ ಗೇರಿನಲ್ಲಿ ಪ್ರತಿಸಲವೂ ಕರಕರ ಸದ್ದಾದರೆ ಆ ಗೇರಿನ ಉಂಗುರ ಸವೆದಿರುವುದು ಸಂಭವ. ಎಣ್ಣೆಯ ಮಟ್ಟವನ್ನೂ ಜಾತಿಯನ್ನೂ ನೋಡಬೇಕು. ಎಣ್ಣೆ ಅತಿ ದಪ್ಪವಾದರೆ ಬೆಳಗಿನ ಚಳಿಯಲ್ಲಿ ಗೇರು ಬಿಗಿಯುತ್ತದೆ. ಬಿಸಿಯಾದ ಮೇಲೆ ಸಡಿಲುತ್ತದೆ. ಗೇರಿನ ಕೆಲವು ಎಣ್ಣೆಗಳಲ್ಲಿ ಬೆರೆಸಿರುವ ಗಂಧಕದ ಸಂಯುಕ್ತಗಳು ಹಿತ್ತಾಳೆಯ ಉಂಗುರಗಳಿಗೆ ಕೇಡು ಮಾಡಬಲ್ಲವು. ಆದುದರಿಂದ ಕಾರಿನ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು.

ಸಡಿಲಿನ ಕಥೆ ಬೇರೆ. ಹಿಡಿ ಅತ್ತಿತ್ತ ತೂಗಾಡುತ್ತದೆ. ಮೂರನೆಯ ಗೇರು ಯಾವುದು, ಒಂದನೆಯದು ಯಾವುದು ಎಂಬುದೇ ತಿಳಿಯದು. ಹಳೆಯ ಅಂಬಾಸಡರಿನಲ್ಲಿ ಗೇರಿನ ಹಿಡಿ ಸ್ಟಿಯರಿಂಗಿನ ಕಂಬದ ಮೇಲಿತ್ತು. ಕೈಯ ಚಲನೆ ಹಲವು ಸರಳು, ಕೀಲುಗಳನ್ನು ದಾಟಿ ಪೆಟ್ಟಿಗೆಗೆ ತಲುಪಬೇಕಿತ್ತು. ಒಂದೊಂದು ಕೀಲಿನ ಬುಷ್ಷು ಕೂದಲೆಳೆಯಷ್ಟು ಸವೆದರೂ ಆ ಸವೆತಗಳೆಲ್ಲ ಒಟ್ಟುಗೂಡಿ ಹಿಡಿಯ ತುದಿಯಲ್ಲಿ ದೊಡ್ಡ ತೂಗಾಟವಾಗುತ್ತದೆ. ಒಬ್ಬರು ಹಿಡಿಯನ್ನು ಆಡಿಸುವಾಗ, ಇನ್ನೊಬ್ಬರು ಎಂಜಿನ್ನು ಆರಿಸಿದ ಗಾಡಿಯಲ್ಲಿ ಕೀಲುಗಳನ್ನು ಒಂದೊಂದಾಗಿ ಗಮನಿಸಿದರೆ ಸವೆದದ್ದು ಯಾವುದೆಂದು ಕಣ್ಣಿಗೇ ಕಾಣುತ್ತದೆ. ಹಿಡಿ ಬಿಗಿಯಾಗಿದ್ದೂ ಗೇರು ತಾನಾಗಿ ಜಾರಿಬಿದ್ದರೆ, ಒಳಗಿನ ತಡೆಗುಂಡಿನ ಸ್ಪ್ರಿಂಗು, ಹಲ್ಲುಗಳ ಸವೆತ, ಎಂಜಿನ್ನನ್ನು ಹಿಡಿದಿರುವ ರಬ್ಬರು ತಳಗಳು, ಇವುಗಳ ಕಡೆಗೆ ನೋಡಬೇಕು.

ನವಲಗುಂದದ ಎರೆಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ಬೇಸಿಗೆಯ ಕರಿಧೂಳು ಕೀಲಿನ ಗ್ರೀಸಿನಲ್ಲಿ ಬೆರೆತರೆ ಅದು ಸಾಣೆಯ ಪುಡಿಯಂತೆ ಲೋಹವನ್ನು ಉಜ್ಜುತ್ತದೆ. ಮಳೆಗಾಲದ ಜಿಗುಟು ಕೆಸರು ಒಣಗಿ ಸರಳುಗಳನ್ನು ಹಿಡಿಯುತ್ತದೆ. ಹಳೆಯ ಗ್ರೀಸನ್ನು ಒರೆಸಿ ತೆಗೆಯದೆ ಅದರ ಮೇಲೆ ಹೊಸದನ್ನು ಸವರುವುದು ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ.

ದೋಷ ಹುಡುಕುವಾಗ ಹೊರಗಿನಿಂದ ಒಳಕ್ಕೆ, ಅಗ್ಗದ್ದರಿಂದ ದುಬಾರಿಗೆ ಹೋಗಬೇಕು. ಒಮ್ಮೆಗೆ ಒಂದನ್ನೇ ಬದಲಿಸಿ ಫಲವನ್ನು ನೋಡಬೇಕು. ಸವೆದ ಬುಷ್ಷಿಗೆ ಬದಲಾಗಿ ಇಡೀ ಪೆಟ್ಟಿಗೆಯನ್ನೇ ಬಿಚ್ಚಿಸಿದರೆ ಬಡ ಬಾಡಿಗೆ ಕಾರಿನವನ ಗಳಿಕೆ ವ್ಯರ್ಥವಾಗುತ್ತದೆ. ಬಲದಿಂದ ತುರುಕಿದ ಗೇರು ಹಲ್ಲನ್ನು ಮುರಿಯುತ್ತದೆ. ಯಂತ್ರವು ತನ್ನ ನೋವನ್ನು ಸದ್ದಿನಿಂದಲೂ ಸ್ಪರ್ಶದಿಂದಲೂ ಹೇಳುತ್ತದೆ. ಅದನ್ನು ಕೇಳುವ ತಾಳ್ಮೆ ಮನುಷ್ಯನಿಗಿರಬೇಕು.